ಸುಡುವ ನೆಲದಲ್ಲಿ ಆಟದ ಅಂಗಳ

ಸುಡುಬಿಸಿಲಿನ ಊರಿನಲ್ಲಿ ಮಕ್ಕಳ ಆಟದ ಅಂಗಳ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವುದು ನೆರಳು ಮತ್ತು ನೆಲ. ಉಯ್ಯಾಲೆ ಎಷ್ಟಿವೆ, ಜಾರುಬಂಡೆ ಎಷ್ಟು ಎತ್ತರ ಎಂಬ ಮಾತು ಆಮೇಲಿನದು. ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿ ಫೀನಿಕ್ಸ್‌ನಲ್ಲಿ ಈ ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಸೊನೋರನ್ ಮರುಭೂಮಿಯಲ್ಲಿ, ಸಾಲ್ಟ್ ನದಿಯ ಬಯಲಿನಲ್ಲಿ ಹರಡಿರುವ ಈ ನಗರದೊಳಗೇ 16 ಲಕ್ಷ ಜನರಿದ್ದಾರೆ. ಟೆಂಪಿ, ಸ್ಕಾಟ್ಸ್‌ಡೇಲ್, ಗಿಲ್ಬರ್ಟ್, ಚಾಂಡ್ಲರ್ ಊರುಗಳು ಅದಕ್ಕೆ ಅಂಟಿಕೊಂಡೇ ಬೆಳೆದಿವೆ. ಇಂಟೆಲ್ ಕಂಪನಿಯ ಕಾರ್ಖಾನೆಗಳಿರುವ ಚಾಂಡ್ಲರ್‌ನ ಸುತ್ತಮುತ್ತ ಕನ್ನಡ ಮಾತಾಡುವ ಮನೆಗಳೂ ಇವೆ.

ರಾಯಚೂರು, ಕಲಬುರಗಿಯ ಮೇ ತಿಂಗಳನ್ನು ಕಂಡವರಿಗೆ 43 ಡಿಗ್ರಿಯ ಬಿಸಿಲು ಹೊಸದೇನಲ್ಲ. ಫೀನಿಕ್ಸ್‌ನಲ್ಲಿ 2023ರ ಜೂನ್ ಕೊನೆಯ ದಿನದಿಂದ ಜುಲೈ 30ರವರೆಗೆ ಒಂದು ದಿನವೂ ಬಿಡದೆ, ಸಾಲಾಗಿ 31 ದಿನ ಉಷ್ಣಾಂಶ 43 ಡಿಗ್ರಿಯನ್ನು ದಾಟಿತು. ರಾತ್ರಿಯಾದರೂ ತಂಪಾಯಿತೇ ಎಂದರೆ ಅದೂ ಇಲ್ಲ. ಆ ಜುಲೈ 19ರಂದು ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 36 ಡಿಗ್ರಿ. ತೆರೆದ ಮರುಭೂಮಿ ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ. ಊರಿನ ಡಾಂಬರು, ಕಾಂಕ್ರೀಟು ಮಾತ್ರ ಹಗಲೆಲ್ಲ ಹೀರಿದ ಬಿಸಿಯನ್ನು ಬೆಳಗಿನ ಜಾವದವರೆಗೂ ಹೊರಹಾಕುತ್ತಲೇ ಇರುತ್ತವೆ. ಮಕ್ಕಳು ಆಡಬೇಕಾದದ್ದು ಇಂಥ ನೆಲದ ಮೇಲೆ.

ಹವಾಮಾನ ಇಲಾಖೆ ಹೇಳುವ ಉಷ್ಣಾಂಶವನ್ನು ನೆರಳಿನಲ್ಲಿ, ನೆಲದಿಂದ ಒಂದೂವರೆ–ಎರಡು ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಮೂರು ವರ್ಷದ ಮಗುವಿನ ತಲೆ ಅಷ್ಟು ಎತ್ತರಕ್ಕೆ ಬರುವುದೇ ಇಲ್ಲ. ಅದು ಉಸಿರಾಡುವ ಗಾಳಿ ಕಾದ ನೆಲಕ್ಕೆ ಹತ್ತಿರದ್ದು. ಮೇಲಿನಿಂದ ಬಿಸಿಲು, ಕೆಳಗಿನಿಂದ ನೆಲದ ಝಳ, ಪಕ್ಕದಿಂದ ಗೋಡೆಯ ಕಾವು, ಮೂರೂ ಸೇರಿ ಮೈಮೇಲೆ ಬೀಳುತ್ತವೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡವರದ್ದಕ್ಕಿಂತ ಹೆಚ್ಚು. ಹಾಗಾಗಿ ಹೊರಗಿನ ಬಿಸಿ ಒಳಗೆ ಇಳಿಯುವುದೂ ಬೇಗ. ಅವರು ಬೆವರುವುದು ಕಡಿಮೆ, ಆಟದ ಭರದಲ್ಲಿ ಬಾಯಾರಿಕೆಯ ಗಮನವೂ ಇರುವುದಿಲ್ಲ. ಇದರಿಂದಾಗಿ ದೊಡ್ಡವರು ಬೆಂಚಿನ ಮೇಲೆ ಕೂತು ‘ತಡೆದುಕೊಳ್ಳಬಹುದು’ ಅಂದುಕೊಳ್ಳುವ ಹೊತ್ತಿಗೆ ಓಡುತ್ತಿರುವ ಮಗು ಸೋತಿರುತ್ತದೆ.

ಇನ್ನು ನೆಲ ಮತ್ತು ಆಟದ ಸಲಕರಣೆಗಳ ಮಾತು. ಚರ್ಮ ಸುಡುವುದು ವಸ್ತು ಎಷ್ಟು ಬಿಸಿ, ಅದು ಎಷ್ಟು ಹೊತ್ತು ತಾಗಿತು ಎಂಬ ಎರಡರ ಮೇಲೂ ನಿಂತಿದೆ. ಮೋರಿಟ್ಸ್ ಮತ್ತು ಹೆನ್ರಿಕೆಸ್ ಎಂಬ ಅಮೆರಿಕದ ಸಂಶೋಧಕರು 1947ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: 44 ಡಿಗ್ರಿಯ ಬಿಸಿಗೆ ಚರ್ಮ ಸುಡಲು ಸುಮಾರು ಆರು ಗಂಟೆ ಹಿಡಿದರೆ, 60 ಡಿಗ್ರಿಗೆ ಐದು ಸೆಕೆಂಡು ಸಾಕು. ಫೀನಿಕ್ಸ್‌ನ ಬೇಸಗೆಯ ಮಧ್ಯಾಹ್ನ ಬಿಸಿಲಿಗೆ ಒಡ್ಡಿದ ಜಾರುಬಂಡೆ 60 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಲೋಹದ್ದು ಮಾತ್ರ ಸುಡುತ್ತದೆ, ಪ್ಲಾಸ್ಟಿಕ್ಕಿನದ್ದು ಸುಡುವುದಿಲ್ಲ ಎಂಬ ನಂಬಿಕೆ ಅಪಾಯಕಾರಿ. ಲೋಹ ತನ್ನ ಬಿಸಿಯನ್ನು ಚರ್ಮಕ್ಕೆ ಥಟ್ಟನೆ ದಾಟಿಸುತ್ತದೆ, ಪ್ಲಾಸ್ಟಿಕ್ಕು, ರಬ್ಬರು ಸ್ವಲ್ಪ ನಿಧಾನವಾಗಿ, ಅಷ್ಟೇ ವ್ಯತ್ಯಾಸ. ಸಾರ್ವಜನಿಕ ಆಟದ ಅಂಗಳಗಳಿಗಾಗಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೊರತಂದಿರುವ ಕೈಪಿಡಿ ಈ ಎಚ್ಚರಿಕೆಯನ್ನು ಕೊಡುತ್ತದೆ. ಹೆಚ್ಚು ಅಪಾಯ ಎರಡು ವರ್ಷದೊಳಗಿನ ಮಕ್ಕಳಿಗೆ. ಅವರ ಚರ್ಮ ಎಳೆಯದು. ಬಿಸಿ ತಾಗಿದರೆ ಎದ್ದು ಸರಿಯಬೇಕೆಂಬುದೂ ಅವರಿಗೆ ಇನ್ನೂ ತಿಳಿದಿರುವುದಿಲ್ಲ, ಕೂತಲ್ಲೇ ಅಳುತ್ತಾರೆ.

ಬಿದ್ದಾಗ ತಲೆಗೆ ಪೆಟ್ಟಾಗದಿರಲೆಂದು ಸಲಕರಣೆಗಳ ಕೆಳಗೆ ಮೆತ್ತನೆಯ ನೆಲ ಬೇಕು. ಇದಕ್ಕಾಗಿ ಬಳಸುವ ರಬ್ಬರ್ ಹಾಸು ಬೀಳುವ ಮಗುವನ್ನು ಚೆನ್ನಾಗಿ ಕಾಯುತ್ತದೆ, ಗಾಲಿಕುರ್ಚಿಯ ಮಗುವಿಗೆ ಸರಾಗ ದಾರಿಯನ್ನೂ ಕೊಡುತ್ತದೆ. ಆದರೆ ತೆರೆದ ಬಿಸಿಲಿನಲ್ಲಿ ಕಪ್ಪು ಬಣ್ಣದ ರಬ್ಬರಿನ ಬಿಸಿ 70 ಡಿಗ್ರಿಯನ್ನೂ ಮೀರುತ್ತದೆ. ಕೃತಕ ಹುಲ್ಲಿನದ್ದೂ ಇದೇ ಕಥೆ. ಹಸಿರು ಬಣ್ಣ ಕಂಡು ತಂಪೆಂದು ಬರಿಗಾಲಲ್ಲಿ ಓಡಿದ ಮಗುವಿನ ಪಾದದಲ್ಲಿ ಬೊಬ್ಬೆ ಏಳುತ್ತದೆ. ಜೀವಂತ ಹುಲ್ಲು ಎಲೆಗಳಿಂದ ನೀರನ್ನು ಆವಿಯಾಗಿ ಬಿಡುತ್ತಾ ತನ್ನನ್ನು ತಾನೇ ತಂಪಾಗಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿನ ಎಳೆಗೆ ಆ ಶಕ್ತಿಯಿಲ್ಲ. ಮರದ ಚಕ್ಕೆಗಳನ್ನು ದಪ್ಪವಾಗಿ ಹರವಿದ ನೆಲ ಮೇಲ್ಗಡೆ ಕಾದರೂ ಕೈಯಾಡಿಸಿದರೆ ಒಳಗೆ ತಂಪಾಗಿರುತ್ತದೆ. ಅಂತೂ ನೆರಳಿನಡಿಯ ರಬ್ಬರ್ ಹಾಸು ಒಪ್ಪತಕ್ಕದ್ದು, ಬಿಸಿಲಿನಲ್ಲಿರುವ ಅದೇ ಹಾಸು ಬೇಸಗೆಗೆ ಒಲ್ಲದ್ದು. ಪರೀಕ್ಷೆ ಸರಳ: ಅಂಗೈಗಿಂತ ಹಿಂಗೈ ಚರ್ಮ ಸೂಕ್ಷ್ಮ, ಹಿಂಗೈಯನ್ನು ಜಾರುಬಂಡೆಯ ಮೇಲೆ ಐದಾರು ಸೆಕೆಂಡು ಊರಿ ಇಡಲಾಗದಿದ್ದರೆ ಮಗುವನ್ನು ಅಲ್ಲಿ ಕೂರಿಸಬಾರದು.

ನೆರಳು ಇದೆಯೇ ಎಂದು ಕೇಳಿದರೆ ಸಾಲದು, ಅದು ಯಾವ ಹೊತ್ತಿನಲ್ಲಿ ಎಲ್ಲಿ ಬೀಳುತ್ತದೆ ಎಂದು ಕೇಳಬೇಕು. ಅಂಗಳ ಹುಡುಕುವ ತಂದೆತಾಯಿ ಹೆಚ್ಚಾಗಿ ಎಡವುವುದು ಇಲ್ಲೇ. ಫೀನಿಕ್ಸ್‌ನ ಹಲವು ಅಂಗಳಗಳಲ್ಲಿ ಸಲಕರಣೆಗಳ ಮೇಲೆ ನಾಲ್ಕು ಕಂಬ ನೆಟ್ಟು ಬಿಗಿಯಾದ ಬಟ್ಟೆಯ ಚಾವಣಿ ಎಳೆದಿರುತ್ತಾರೆ. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯ ಅಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುವುದರಿಂದ ಚಾವಣಿಯ ನೆರಳು ನೇರ ಕೆಳಗೆ ಬೀಳುತ್ತದೆ. ಚಿತ್ರದಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಆ ಹೊತ್ತಿನಲ್ಲಿ ಆಡಲು ಯಾರೂ ಬರುವುದಿಲ್ಲ. ಮಕ್ಕಳು ಬರುವುದು ಬೆಳಗ್ಗೆ. ಎಂಟು ಗಂಟೆಗೆ ಸೂರ್ಯ ಪೂರ್ವದಲ್ಲಿ ಸುಮಾರು 30 ಡಿಗ್ರಿ ಕೋನದಷ್ಟೇ ಏರಿರುತ್ತಾನೆ. ಆಗ ನಾಲ್ಕು ಮೀಟರ್ ಎತ್ತರದ ಚಾವಣಿಯ ನೆರಳು ಪಶ್ಚಿಮಕ್ಕೆ ಆರು ಮೀಟರಿಗೂ ಹೆಚ್ಚು ಸರಿದು, ಖಾಲಿ ನೆಲದ ಮೇಲೆ ಹೋಗಿ ಬಿದ್ದಿರುತ್ತದೆ. ಜಾರುಬಂಡೆ ಪೂರ್ತಿ ಬಿಸಿಲಿನಲ್ಲಿ. ಸಂಜೆ ಇದೇ ಲೆಕ್ಕ ತಿರುವುಮುರುವು. ಆದ್ದರಿಂದ ಬೆಳಗಿನ ಆಟಕ್ಕೆ ಪೂರ್ವ ದಿಕ್ಕಿನಲ್ಲಿ, ಸಂಜೆಯ ಆಟಕ್ಕೆ ಪಶ್ಚಿಮ ದಿಕ್ಕಿನಲ್ಲಿ ಎತ್ತರದ ಮರವೋ ಕಟ್ಟಡವೋ ಇರುವ ಅಂಗಳ ಬೇಕು. ಪೂರ್ವಕ್ಕೆ ಮರಗಳ ಸಾಲಿರುವ, ಹಳೆಯ ಮಾದರಿಯ ಎರಡೇ ಉಯ್ಯಾಲೆಗಳ ಅಂಗಳ, ಚಾವಣಿ ಹೊದಿಸಿದ ಹೊಸ ಅಂಗಳಕ್ಕಿಂತ ಬೆಳಗಿನ ಹೊತ್ತು ಎಷ್ಟೋ ಮೇಲು. ಯಾವುದನ್ನೇ ಆಗಲಿ ಮಗುವನ್ನು ಕರೆದೊಯ್ಯಲಿರುವ ಹೊತ್ತಿನಲ್ಲೇ ಒಮ್ಮೆ ಹೋಗಿ ನೋಡಿ ಬಂದರೆ ಸಂಶಯ ಉಳಿಯುವುದಿಲ್ಲ.

ಮರದ ನೆರಳಿಗೂ ಬಟ್ಟೆಯ ನೆರಳಿಗೂ ವ್ಯತ್ಯಾಸವಿದೆ. ಬಿಸಿಲು ಕುಡಿದ ಬಟ್ಟೆ ತಾನೂ ಕಾದು ಕೆಳಗೆ ಕಾವು ಬೀರುತ್ತದೆ. ಎಲೆಗಳು ಬೆವರಿ ತಂಪಾಗಿರುತ್ತವೆ. ಸೊನೋರನ್ ಮರುಭೂಮಿಯ ಸ್ವಂತ ಮರಗಳಲ್ಲಿ ಆಟದ ಅಂಗಳಗಳಿಗೆ ಒದಗಿಬರುವುವು ಮೆಸ್ಕೀಟ್, ಪಾಲೊ ವರ್ಡೆ, ಐರನ್‌ವುಡ್. ಪಾಲೊ ವರ್ಡೆಯ ಕಾಂಡವೂ ಹಸಿರು. ಎಲೆ ಉದುರಿದರೂ ತೊಗಟೆಯಿಂದಲೇ ಅದು ಆಹಾರ ತಯಾರಿಸಿಕೊಳ್ಳುತ್ತದೆ. ಮೆಸ್ಕೀಟ್ ಕನ್ನಡಿಗರಿಗೆ ಪರಿಚಿತ ಕುಲದ ಮರ. ಉತ್ತರ ಕರ್ನಾಟಕದ ಬಯಲನ್ನೆಲ್ಲ ಆವರಿಸಿಕೊಂಡಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಅದರ ಹತ್ತಿರದ ಬಂಧು. ಇಲ್ಲಿ ಹೊಲಕ್ಕೆ ನುಗ್ಗುವ ಕಳೆ ಎಂದು ಬೈಸಿಕೊಳ್ಳುವ ಜಾತಿಯ ನಂಟ ಅಲ್ಲಿ ಮಕ್ಕಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದೆ. ಮುಳ್ಳಿನ ರೆಂಬೆಗಳನ್ನು ಮಾತ್ರ ಮಕ್ಕಳ ಕಣ್ಣಿನ ಎತ್ತರಕ್ಕಿಂತ ಮೇಲಕ್ಕೆ ಸವರಿಟ್ಟಿರಬೇಕು.

ವರ್ಷದ ಮಳೆ ಸರಾಸರಿ 200 ಮಿಲಿಮೀಟರನ್ನೂ ಮುಟ್ಟದ ಊರಿನಲ್ಲಿ ದೊಡ್ಡ ಮರಗಳು, ಹುಲ್ಲು ಎಲ್ಲಿಂದ ಬಂದವು? ಸಾಲ್ಟ್ ನದಿಯ ಬಯಲಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಹೊಹೊಕಾಮ್ ಜನ ಕಾಲುವೆಗಳನ್ನು ತೋಡಿ ಬೇಸಾಯ ಮಾಡುತ್ತಿದ್ದರು. ಈಗಿನ ಕೆಲವು ಕಾಲುವೆಗಳು ಅವರ ಜಾಡಿನಲ್ಲೇ ಹರಿಯುತ್ತವೆ. 1911ರಲ್ಲಿ ಮುಗಿದ ರೂಸ್‌ವೆಲ್ಟ್ ಅಣೆಕಟ್ಟು ಆ ವ್ಯವಸ್ಥೆಗೆ ಬಲ ತುಂಬಿತು. ನಂತರ ಕೊಲರಾಡೊ ನದಿಯ ನೀರು ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಬಂತು. ಹಳೆಯ ಬಡಾವಣೆಗಳ ಎಷ್ಟೋ ಉದ್ಯಾನಗಳಿಗೆ ಇಂದಿಗೂ ಕಾಲುವೆಯ ನೀರನ್ನು ಗದ್ದೆಗೆ ಹಾಯಿಸುವಂತೆಯೇ ಹಾಯಿಸುತ್ತಾರೆ. ಸುತ್ತ ಕಟ್ಟಿದ ಬದುವಿನೊಳಗೆ ನೀರು ನಿಂತು, ಮೆಲ್ಲಗೆ ಇಂಗುತ್ತದೆ. ಬೇರು ಆಳಕ್ಕೆ ಇಳಿಯುತ್ತದೆ, ಮರ ದೊಡ್ಡದಾಗುತ್ತದೆ. ಹಾಗಾಗಿ ಬದು ಕಟ್ಟಿದ ತಗ್ಗು ಹುಲ್ಲುಹಾಸು ಕಂಡರೆ ಒಳ್ಳೆಯ ನೆರಳು ಹತ್ತಿರದಲ್ಲೇ ಇದೆ ಎಂದು ತಿಳಿಯಬಹುದು. 1930ರ ದಶಕದಲ್ಲಿ ರೂಪುಗೊಂಡ ಎನ್‌ಕ್ಯಾಂಟೊ ಉದ್ಯಾನದಲ್ಲಿ ಇಂಥ ಹಿರಿಯ ಮರಗಳೂ ಕೊಳವೂ ಇವೆ.

ಈ ಭಾಗ್ಯ ಎಲ್ಲ ಬಡಾವಣೆಗಳಿಗೂ ಸಮನಾಗಿ ಸಿಕ್ಕಿಲ್ಲ ಎಂಬುದನ್ನು ಹೇಳಲೇಬೇಕು. ಕರಿಯರು ಮತ್ತು ಮೆಕ್ಸಿಕೊ ಮೂಲದವರು ಬಹುಕಾಲ ನೆಲೆಸಬೇಕಾಗಿ ಬಂದ ದಕ್ಷಿಣ ಫೀನಿಕ್ಸ್‌ನಲ್ಲಿ ಮರಗಳು ಕಡಿಮೆ, ಕಾವು ಹೆಚ್ಚು. 2030ರ ಹೊತ್ತಿಗೆ ನಗರದ ಕಾಲು ಭಾಗದ ಮೇಲೆ ಮರಗಳ ನೆರಳಿರಬೇಕೆಂದು ನಗರಾಡಳಿತ 2010ರಲ್ಲಿ ಗುರಿ ಇಟ್ಟುಕೊಂಡಿತು. ಶಾಖವನ್ನು ಎದುರಿಸುವ ಕೆಲಸಕ್ಕೆಂದೇ 2021ರಲ್ಲಿ ಪ್ರತ್ಯೇಕ ಕಚೇರಿಯನ್ನೂ ತೆರೆಯಿತು. ತಂಪಾದ ಅಂಗಳಕ್ಕೆ ಕಾರಿನಲ್ಲಿ ಹೋಗಬಲ್ಲ ಕುಟುಂಬಕ್ಕೆ ಆಯ್ಕೆಗಳುಂಟು. ಬಸ್ಸಿಗೆ ಕಾಯುವ ತಾಯಿಗೆ ಮನೆ ಪಕ್ಕದ ಅಂಗಳವೇ ಗತಿ. ಮೊದಲು ಮರ ನೆಡಬೇಕಾದದ್ದು ಅಲ್ಲಿ.

ಪಕ್ಕದ ಊರುಗಳಲ್ಲಿ ಎರಡು ಜಾಗಗಳು ವಿಶೇಷ ಗಮನಕ್ಕೆ ಅರ್ಹ. ಸ್ಕಾಟ್ಸ್‌ಡೇಲ್‌ನ ನಡುವೆ ಹಾಯುವ ಇಂಡಿಯನ್ ಬೆಂಡ್ ಎಂಬ ಒಣಹಳ್ಳ ಮಳೆ ಬಂದಾಗ ಉಕ್ಕುತ್ತಿತ್ತು. ಅದಕ್ಕೆ ಕಾಂಕ್ರೀಟಿನ ದೊಡ್ಡ ನಾಲೆ ಕಟ್ಟುವ ಯೋಜನೆಯಿತ್ತು. ಊರಿನವರು ಅದನ್ನು ಬೇಡವೆಂದು, ಹಳ್ಳದ ಉದ್ದಕ್ಕೂ ಸುಮಾರು 18 ಕಿಲೋಮೀಟರ್ ಹುಲ್ಲು, ಕೆರೆ, ಮರಗಳ ಹಸಿರು ಪಟ್ಟಿಯನ್ನು ಬೆಳೆಸಿದರು. ಒಣಗಿದ ದಿನಗಳಲ್ಲಿ ಅಲ್ಲಿ ಮಕ್ಕಳು ಆಡುತ್ತಾರೆ, ಮಳೆಯ ದಿನ ನೀರು ಹರಿಯುತ್ತದೆ. ಗಿಲ್ಬರ್ಟ್‌ನ ವಾಟರ್ ರಾಂಚ್‌ನಲ್ಲಿ ಶುದ್ಧೀಕರಿಸಿದ ಬಳಕೆ ನೀರನ್ನು ಕೊಳಗಳಿಗೆ ಬಿಟ್ಟು ನೆಲಕ್ಕೆ ಇಂಗಿಸುತ್ತಾರೆ. ಆ ಕೊಳಗಳ ಸುತ್ತ ಮರ, ಜೊಂಡು, ಹಕ್ಕಿ ಎಲ್ಲ ಸೇರಿಕೊಂಡಿವೆ. ಮರಳು ಕೆದಕಿ ಡೈನೋಸಾರಿನ ಮೂಳೆಗಳ ಪ್ರತಿರೂಪ ಹುಡುಕುವ ಆಟದ ಜಾಗವೂ ಅಲ್ಲಿದೆ.

ನೀರು ಚಿಮ್ಮುವ ಅಂಗಳಗಳು ಬೇಸಗೆಯಲ್ಲಿ ಮಕ್ಕಳಿಗೆ ಅಚ್ಚುಮೆಚ್ಚು. ಒಣ ಗಾಳಿಯಲ್ಲಿ ಒದ್ದೆ ಮೈ ಬೇಗ ಆರುತ್ತದೆ, ಆರುವಾಗ ತಂಪಾಗುತ್ತದೆ. ಆದರೂ ಚಿಮ್ಮುವ ಜಾಗದಿಂದ ಎರಡು ಹೆಜ್ಜೆ ಆಚೆಯ ಕಾಂಕ್ರೀಟು ಕಾದೇ ಇರುತ್ತದೆ, ಕಾಲಿಗೆ ನೀರಿಗಿಳಿಯುವ ಚಪ್ಪಲಿ ಇರಲೇಬೇಕು. ಕುಡಿಯುವ ನೀರಿನ ನಲ್ಲಿ, ಶೌಚಾಲಯ, ವಾಹನ ನಿಲ್ಲಿಸುವ ಜಾಗದಿಂದ ಅಂಗಳಕ್ಕಿರುವ ದೂರ, ಇವನ್ನೂ ಮೊದಲೇ ನೋಡಿಕೊಳ್ಳಬೇಕು. ಚೋಯ್ಯಾ ಎಂಬ ಕಳ್ಳಿಯ ತುಂಡು ಬಟ್ಟೆಗೋ ಚರ್ಮಕ್ಕೋ ಅಂಟಿದರೆ ಕೈಯಿಂದ ಕೀಳಬಾರದು, ಬಾಚಣಿಗೆಯಿಂದ ಎಬ್ಬಿಸಿ ತೆಗೆಯಬೇಕು. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿಯ ಮಳೆಗಾಲ; ಗುಡುಗಿಗೆ ಮುಂಚೆ ಧೂಳಿನ ಗೋಡೆ ಏಳುತ್ತದೆ. ಈ ಮಣ್ಣಿನ ಒಂದು ಬಗೆಯ ಶಿಲೀಂಧ್ರ ಧೂಳಿನೊಡನೆ ಶ್ವಾಸಕೋಶ ಸೇರಿದರೆ ‘ಕಣಿವೆ ಜ್ವರ’ ಬರುತ್ತದೆ. ದಿಗಂತ ಕಂದುಬಣ್ಣಕ್ಕೆ ತಿರುಗಿದರೆ ಆಟ ನಿಲ್ಲಿಸಿ ಒಳಗೆ ಹೋಗುವುದೊಂದೇ ದಾರಿ.

ಉಳಿದದ್ದು ಹೊತ್ತಿನ ವಿಚಾರ. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಅಮೆರಿಕದ ಪದ್ಧತಿಯನ್ನು ಅರಿಜೋನಾ 1968ರಿಂದ ಅನುಸರಿಸುತ್ತಿಲ್ಲ. ನವಾಹೊ ಜನರ ನಾಡು ಮಾತ್ರ ಇದಕ್ಕೆ ಹೊರತು. ಬಿಸಿಲಿನ ಊರಿಗೆ ಸಂಜೆಯ ಬೆಳಕು ಇನ್ನೊಂದು ಗಂಟೆ ಉಳಿದು ಆಗಬೇಕಾದದ್ದೇನೂ ಇಲ್ಲ. ಇದರಿಂದ ಜೂನ್‌ನಲ್ಲಿ ಐದೂ ಕಾಲರ ಸುಮಾರಿಗೇ ಹೊತ್ತು ಹುಟ್ಟುತ್ತದೆ. ದಿನದ ಅತಿ ತಂಪಿನ ಗಳಿಗೆ ಅದು. ರಾತ್ರಿಯೆಲ್ಲ ಆರಿದ ಜಾರುಬಂಡೆ ಆಗ ಮುಟ್ಟುವಂತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಬಿಸಿಲು ಇಲ್ಲದಿದ್ದರೂ ನೆಲದ ಕಾವು ಇಳಿದಿರುವುದಿಲ್ಲ. ಹಾಗಾಗಿ ಬೇಸಗೆಯಲ್ಲಿ ಸಂಜೆಗಿಂತ ಬೆಳಗೇ ಲೇಸು. ಎಂಟೂವರೆಯ ಮೇಲೆ ಹಗಲೆಲ್ಲ ಒಳಾಂಗಣದ ಆಟ. ನಗರದ ಗ್ರಂಥಾಲಯಗಳು ಇವೆ. 1913ರಲ್ಲಿ ಕಟ್ಟಿದ ಮನ್ರೊ ಶಾಲೆಯ ಕಟ್ಟಡದಲ್ಲಿ 2008ರಿಂದ ನಡೆಯುತ್ತಿರುವ ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ಹತ್ತಿ ಇಳಿದು ಆಡಲು ಬೇಕಾದಷ್ಟಿದೆ.

ಅಕ್ಟೋಬರ್ ನಡುವಿನಿಂದ ಏಪ್ರಿಲ್‌ವರೆಗೆ ಲೆಕ್ಕ ಬೇರೆ. ಊರಿನಿಂದ ಅಜ್ಜ ಅಜ್ಜಿ ಬರುವುದಿದ್ದರೆ ಈ ತಿಂಗಳುಗಳೇ ಸರಿ. ಮೊಮ್ಮಕ್ಕಳೊಡನೆ ಇಡೀ ಮಧ್ಯಾಹ್ನ ಹೊರಗೆ ಕಳೆಯಬಹುದು. ಜನವರಿಯ ಬೆಳಗಿನಲ್ಲಿ ಉಷ್ಣಾಂಶ ಏಳೆಂಟು ಡಿಗ್ರಿಗೆ ಇಳಿದು, ಮಕ್ಕಳು ಬಿಸಿಲನ್ನೇ ಹುಡುಕಿಕೊಂಡು ಹೋಗುತ್ತಾರೆ. ಆಗ ಬಟ್ಟೆಯ ಚಾವಣಿ ಎಂದಿನಂತೆ ಬಿಸಿಲನ್ನು ತಡೆದು ನಿಲ್ಲುತ್ತದೆ. ಮೆಸ್ಕೀಟ್ ಎಲೆ ಉದುರಿಸಿ, ಎಳೆಬಿಸಿಲನ್ನು ಅಂಗಳಕ್ಕೆ ಬಿಟ್ಟಿರುತ್ತದೆ.