ಡೆಮೊ ಬೈಕು ತಗೋಬೇಕೇನ್ರಿ?

ಹುಬ್ಬಳ್ಳಿಯಲ್ಲಿ ಬೈಕು ಕೊಳ್ಳೋಕೆ ಹೋದವರಿಗೆ ಈ ಮಾತು ಪರಿಚಯ: "ಸರ್, ಡೆಮೊ ಗಾಡಿ ಐತಿ, ಎರಡು ಸಾವಿರ ಕಿಲೋಮೀಟರ್ ಅಷ್ಟೇ ಓಡೈತಿ, ಹೊಸಾದೇ ಅನ್ರಿ."

ಕಡಿಮೆ ಓಡಿದೆ, ಒಪ್ಪೋಣ. ಓಡಿಸಿದವರು ಯಾರು? ಮೊದಲ ಸಾವಿರ ಕಿಲೋಮೀಟರು ಎಂಜಿನ್ ಪಳಗುವ ಕಾಲ. ನಿಧಾನ ಓಡಿಸಿ ಅಂತ ಕಂಪನಿಯ ಕೈಪಿಡಿಯೇ ಹೇಳುತ್ತದೆ. ಡೆಮೊ ಗಾಡಿಯನ್ನು ಆ ಕಾಲದಲ್ಲೇ ಊರೆಲ್ಲ ಹತ್ತಿ, ಉಣಕಲ್ ಕೆರೆವರೆಗೆ ಎಕ್ಸಲರೇಟರ್ ತಿರುವಿ ನೋಡಿರ್ತಾರೆ.

ಅದಕ್ಕಿಂತ ದೊಡ್ಡದು ಕಾಗದ. ಹುಬ್ಬಳ್ಳಿಯ ಕೆಎ-63 ಇರಲಿ, ಧಾರವಾಡದ ಕೆಎ-25 ಇರಲಿ, ಆರ್‌ಸಿ ಡೀಲರ್ ಹೆಸರಲ್ಲಿದ್ದರೆ ನೀವು ಎರಡನೇ ಮಾಲೀಕರು. ಫಾರಂ 29, 30 ತುಂಬಬೇಕು. ವಿಮೆ ನಿಮ್ಮ ಹೆಸರಿಗೆ ಆಗಲು 14 ದಿನದೊಳಗೆ ಅರ್ಜಿ ಹಾಕಬೇಕು. ವಾರಂಟಿ ಎಂದಿನಿಂದ ಶುರುವಾಗಿದೆ, ಬರವಣಿಗೆಯಲ್ಲಿ ಕೇಳಿ. ನಾಳೆ ನೀವು ಮಾರಿದರೆ ಕೊಳ್ಳುವವನು ಮೂರನೆಯವನು, ಬೆಲೆ ಅಲ್ಲೂ ಬೀಳುತ್ತದೆ.

ಹಾಗಂತ ಬೇಡವೇ ಬೇಡ ಅನ್ನಲ್ಲ. ದಿನಾ ಹುಬ್ಬಳ್ಳಿ-ಧಾರವಾಡ ತಿರುಗೋ ಹುಡುಗನಿಗೆ ಉಳಿದ ದುಡ್ಡು ಸಣ್ಣದಲ್ಲ. ಆದರೆ ಹೊಸ ಗಾಡಿಯ ಬೆಲೆಯಿಂದ ಚೌಕಾಸಿ ಶುರು ಮಾಡಬೇಡಿ. ಅದೇ ಮಾಡೆಲಿನ ಸೆಕೆಂಡ್ ಹ್ಯಾಂಡ್ ಬೆಲೆಯಿಂದ ಶುರು ಮಾಡ್ರಿ. ಗುರುತಿನ ಮೆಕ್ಯಾನಿಕ್‌ನ ಕರ್ಕೊಂಡು ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ ನೋಡ್ರಿ.