43 ವರ್ಷ ಖಾಲಿ ಬಿದ್ದಿದ್ದ ರನ್‌ವೇ

ವಿಮಾನ ನಿಲ್ದಾಣ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ದೇವನಹಳ್ಳಿ. ಗಾಜಿನ ಕಟ್ಟಡ, ಕಾಫಿ ಅಂಗಡಿ, ನುಣುಪಾದ ರನ್‌ವೇ. ಇವತ್ತು ನಾನು ಹೇಳೋಕೆ ಹೊರಟಿರೋ ಜಾಗದಲ್ಲಿ ವಾಯುಪಡೆ ಮತ್ತೆ ವಿಮಾನ ಇಳಿಸಿದ ದಿನ ಇದ್ಯಾವುದೂ ಇರಲಿಲ್ಲ. ಡಾಂಬರು ಇಲ್ಲ, ಕಾಂಕ್ರೀಟ್ ಇಲ್ಲ. ಇದ್ದದ್ದು ಮಣ್ಣು, ಜಲ್ಲಿಕಲ್ಲು ಮತ್ತು ಕೊರೆಯೋ ಗಾಳಿ.

ಊರಿನ ಹೆಸರು ದೌಲತ್ ಬೇಗ್ ಓಲ್ಡಿ. ಲಡಾಖ್‌ನ ಉತ್ತರದ ತುದಿ, ಕಾರಕೋರಂ ಕಣಿವೆಮಾರ್ಗದ ಬುಡ. ಹಿಂದೆ ಯಾರ್ಕಂದ್‌ಗೆ ಹೋಗುತ್ತಿದ್ದ ವ್ಯಾಪಾರಿಗಳ ದಾರಿ ಇದು. ಹೆಸರಿನ ಅರ್ಥ, ದೊಡ್ಡ ಸಿರಿವಂತ ಸತ್ತ ಜಾಗ! 16ನೇ ಶತಮಾನದಲ್ಲಿ ಟಿಬೆಟ್ ಕಡೆ ದಂಡೆತ್ತಿ ಹೋಗಿ ವಾಪಸ್ ಬರುತ್ತಿದ್ದ ಯಾರ್ಕಂದ್‌ನ ಸುಲ್ತಾನ್ ಸೈಯದ್ ಖಾನ್ ಇಲ್ಲೇ ತೀರಿಕೊಂಡ ಅಂತಾರೆ. ಸಮುದ್ರಮಟ್ಟದಿಂದ ಎತ್ತರ 16,614 ಅಡಿ. ನಮ್ಮ ಮುಳ್ಳಯ್ಯನಗಿರಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಬಯಲುಸೀಮೆಯ ಗಾಳಿಯಲ್ಲಿ ಸಿಗೋ ಆಮ್ಲಜನಕದ ಸುಮಾರು ಅರ್ಧ ಮಾತ್ರ ಅಲ್ಲಿ ಸಿಗೋದು. ಚೀನಾದ ಕಡೆಯ ಗಡಿ ಹತ್ತು ಕಿಲೋಮೀಟರ್ ಒಳಗೇ ಇದೆ.

ಗಾಳಿ ತೆಳುವಾದರೆ ಮನುಷ್ಯನಿಗಷ್ಟೇ ಅಲ್ಲ, ವಿಮಾನಕ್ಕೂ ಉಸಿರು ಕಟ್ಟುತ್ತೆ. ರೆಕ್ಕೆಗೆ ಎತ್ತುವ ಬಲ ಸಾಲಲ್ಲ, ಇಂಜಿನ್‌ಗೆ ಶಕ್ತಿ ಸಾಲಲ್ಲ. ಇಳಿಯುವಾಗ ವೇಗ ಜಾಸ್ತಿ ಇರುತ್ತೆ, ಏರುವಾಗ ಉದ್ದನೆಯ ಓಟ ಬೇಕಾಗುತ್ತೆ. ಹೊರುವ ಭಾರ ಕಮ್ಮಿ ಮಾಡಬೇಕು. ಅಲ್ಲಿ ಇಂಜಿನ್ ಆರಿಸಿದರೆ ಮತ್ತೆ ಶುರುವಾಗುತ್ತೆ ಅನ್ನೋ ಭರವಸೆಯೂ ಇಲ್ಲ.

ಅಂಥ ಜಾಗದಲ್ಲಿ ಮೊದಲ ವಿಮಾನ ಇಳಿದದ್ದು 1962ರ ಜುಲೈನಲ್ಲಿ, ಅಂದರೆ ಚೀನಾ ಯುದ್ಧಕ್ಕೆ ಮೂರು ತಿಂಗಳು ಮುಂಚೆ. ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಪ್ಯಾಕೆಟ್ ಅನ್ನೋ ಸರಕು ವಿಮಾನವನ್ನು ಆ ಮಣ್ಣಿನ ಮೇಲೆ ಇಳಿಸಿದರು. ಎರಡು ಇಂಜಿನ್ ಸಾಲಲ್ಲ ಅಂತ ಆ ವಿಮಾನಗಳ ಬೆನ್ನ ಮೇಲೆ ಇನ್ನೊಂದು ಜೆಟ್ ಇಂಜಿನ್ ಕೂರಿಸುತ್ತಿದ್ದರು. ಮುಂದೆ ಪ್ಯಾಕೆಟ್‌ಗಳ ಬೆನ್ನೇರಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಆರ್ಫಿಯಸ್ ಇಂಜಿನ್. ಲಡಾಖ್‌ನ ಆ ತುದಿಗೂ ನಮ್ಮೂರಿಗೂ ಇಂಥದ್ದೊಂದು ನಂಟು ಇದೆ.

ಆಮೇಲೆ ಏನಾಯ್ತು? 1965ರ ನಂತರ ಅಲ್ಲಿ ವಿಮಾನ ಇಳಿಯೋದೇ ನಿಂತುಹೋಯ್ತು. ಭೂಕಂಪದಿಂದ ನೆಲ ಸಡಿಲವಾಗಿದೆ ಅನ್ನೋದು ಒಂದು ಕಾರಣವಾಗಿತ್ತು. ಸರಿ, ನೆಲ ಸಡಿಲವಾಯ್ತು. ಗಟ್ಟಿ ಮಾಡೋಕೆ ಎಷ್ಟು ವರ್ಷ ಬೇಕು? 43 ವರ್ಷ! ಅಷ್ಟೂ ಕಾಲ ಅಲ್ಲಿ ಗಡಿ ಕಾಯುತ್ತಿದ್ದ ಯೋಧರಿಗೆ ಸಾಮಾನು ಹೋಗುತ್ತಿದ್ದದ್ದು ಹೆಲಿಕಾಪ್ಟರ್‌ನಲ್ಲಿ, ಇಲ್ಲವೇ ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಡುತ್ತಿದ್ದರು.

2008ರ ಮೇ 31. ಒಂದು ಎಎನ್-32 ವಿಮಾನ ಅಲ್ಲಿ ಇಳಿಯಿತು. ಅದರೊಳಗೆ ಸ್ವತಃ ಪಶ್ಚಿಮ ವಾಯು ಕಮಾಂಡ್‌ನ ಮುಖ್ಯಸ್ಥ ಏರ್ ಮಾರ್ಷಲ್ ಪ್ರಣಬ್ ಕುಮಾರ್ ಬರ್ಬೋರಾ ಕೂತಿದ್ದರು. ನಿವೃತ್ತಿಯ ನಂತರ ಅವರೇ ಒಂದು ಮಾತು ಹೇಳಿದ್ದಾರೆ. ಹಿಂದೆ ಅನುಮತಿ ಕೇಳಿದಾಗೆಲ್ಲ ಬೇಡ ಅನ್ನೋ ಉತ್ತರವೇ ಬಂದಿತ್ತಂತೆ. ಅದಕ್ಕೇ ಈ ಸಲ ಅವರು ಸರ್ಕಾರಕ್ಕೆ ಬರೆದು ಕೇಳಲೇ ಇಲ್ಲ. ಸರ್ಕಾರಕ್ಕೆ ಗೊತ್ತಾಗಿದ್ದು ವಿಮಾನ ಇಳಿದ ಮೇಲೆ.

ಕೇಳೋಕೆ ಮೈ ಜುಮ್ಮೆನ್ನುತ್ತೆ, ಅಲ್ವಾ? ಆದರೆ ಒಂದು ನಿಮಿಷ ಯೋಚನೆ ಮಾಡಿ. ಪ್ರಜಾಪ್ರಭುತ್ವದಲ್ಲಿ ಗಡಿಯ ತುದಿಗೆ ವಿಮಾನ ಇಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದ್ದು ಸರ್ಕಾರ. ಆ ಅಧಿಕಾರಿಯ ಧೈರ್ಯಕ್ಕೆ ನನ್ನ ಸಲಾಂ. ಆದರೆ ಕೇಳಿದರೆ ಆಗಲ್ಲ, ಕೇಳದೇ ಇದ್ದರೆ ಮಾತ್ರ ಆಗುತ್ತೆ ಅನ್ನೋ ಪರಿಸ್ಥಿತಿ ತಂದಿಟ್ಟವರು ಯಾರು? ಇಳಿಸುವಾಗ ಅವಘಡ ಆಗಿದ್ದರೆ ಅದೇ ಅಧಿಕಾರಿ ವಿಚಾರಣೆ ಎದುರಿಸುತ್ತಿದ್ದರು. 'ಬೇಡ' ಅಂತ ಬರೆದವರನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ.

ಆ ಒಂದು ಇಳಿತ ಬಾಗಿಲು ತೆರೆಯಿತು. ಅದೇ ವರ್ಷ ಫುಕ್ಚೆಯಲ್ಲಿ, 2009ರಲ್ಲಿ ನ್ಯೋಮಾದಲ್ಲಿ ವಿಮಾನ ಇಳಿಯಿತು. 2013ರ ಏಪ್ರಿಲ್‌ನಲ್ಲಿ ಚೀನಾ ಸೈನಿಕರು ಪಕ್ಕದ ದೆಪ್ಸಾಂಗ್‌ನಲ್ಲಿ ಡೇರೆ ಹಾಕಿ ಮೂರು ವಾರ ಕೂತರು. ಅದೇ ಆಗಸ್ಟ್ 20ಕ್ಕೆ ವಾಯುಪಡೆ ದೌಲತ್ ಬೇಗ್ ಓಲ್ಡಿಯಲ್ಲಿ ಸಿ-130ಜೆ ಸೂಪರ್ ಹರ್ಕ್ಯುಲಿಸ್ ಇಳಿಸಿತು. ಎಎನ್-32ಕ್ಕಿಂತ ಎಷ್ಟೋ ದೊಡ್ಡ ವಿಮಾನ. ಆ ಸಂದೇಶ ಯಾರಿಗೆ ತಲುಪಬೇಕಿತ್ತೋ ಅವರಿಗೆ ತಲುಪಿತು.

ರಸ್ತೆಯ ಕಥೆಯೂ ಹೀಗೇ. ದರ್ಬುಕ್‌ನಿಂದ ಶ್ಯೋಕ್ ಮೂಲಕ ಇಲ್ಲಿಗೆ 255 ಕಿಲೋಮೀಟರ್. ಮೊದಲು ನದಿಯ ಪಾತ್ರಕ್ಕೇ ತಾಗಿಸಿ ರಸ್ತೆ ಮಾಡಿದರು. ಬೇಸಿಗೆಯಲ್ಲಿ ಹಿಮ ಕರಗಿ ಶ್ಯೋಕ್ ಉಕ್ಕಿದಾಗ ರಸ್ತೆ ಕೊಚ್ಚಿಕೊಂಡು ಹೋಯ್ತು. ಬೇರೆ ಜಾಡು ಹಿಡಿದು ಮತ್ತೆ ಕಟ್ಟಬೇಕಾಯ್ತು. ಶ್ಯೋಕ್ ಮೇಲಿನ ಕರ್ನಲ್ ಚೆವಾಂಗ್ ರಿಂಚೆನ್ ಸೇತುವೆ ಉದ್ಘಾಟನೆಯಾಗಿದ್ದು 2019ರ ಅಕ್ಟೋಬರ್‌ನಲ್ಲಿ. ಮರುವರ್ಷ ಜೂನ್‌ನಲ್ಲಿ ಗಲ್ವಾನ್. ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆ ಗಲ್ವಾನ್ ನದಿ ಶ್ಯೋಕ್ ಸೇರೋದು ಇದೇ ರಸ್ತೆಯ ಪಕ್ಕದಲ್ಲಿ. ಈ ದಾರಿಯೂ ರನ್‌ವೇಯೂ ಇಪ್ಪತ್ತು ವರ್ಷ ಮೊದಲೇ ಗಟ್ಟಿಯಾಗಿದ್ದಿದ್ದರೆ ಅನ್ನೋ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನಾವು ಯುದ್ಧವಿಮಾನ ಖರೀದಿ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ನಾನೂ ಮಾಡಿದ್ದೀನಿ. ಆದರೆ ಅವು ಇಳಿಯೋ ನೆಲ ಹೇಗಿದೆ, ಅಲ್ಲಿಗೆ ಹೋಗೋ ರಸ್ತೆ ಎಲ್ಲಿಗೆ ಬಂತು ಅಂತ ಕೇಳೋದು ಕಮ್ಮಿ. ಸರ್ಕಾರ ಯಾವುದೇ ಪಕ್ಷದ್ದಿರಲಿ, ಈ ಲೆಕ್ಕ ಕೇಳಬೇಕು. ಯುದ್ಧ ಇಲ್ಲದ ದಿನಗಳಲ್ಲೇ ಕೇಳಬೇಕು. 1965ರ ನಂತರ ಯಾರೂ ಕೇಳಲಿಲ್ಲ. ಆ ನೆಲ 43 ವರ್ಷ ಹಾಗೇ ಬಿದ್ದಿತ್ತು.