ಮಂಡಕ್ಕಿ ಭಟ್ಟಿಯ ಹೊಗೆ ಯಾರ ಲೆಕ್ಕಕ್ಕೆ?

ಮಂಡಕ್ಕಿ-ಮೆಣಸಿನಕಾಯಿ ತಿನ್ನದವರು ದಾವಣಗೆರೆಯ ಈ ಸಭೆಯಲ್ಲಿ ಇರಲಾರರು. ಮಂಡಕ್ಕಿ ಹುರಿಯುವ ಬೆಂಕಿಗೆ ಏನು ಹಾಕುತ್ತಾರೆಂದು ಕೇಳಿದವರು ಮಾತ್ರ ಕಡಿಮೆ. ಹದಮಾಡಿದ ಅಕ್ಕಿಗೆ ಉಪ್ಪುನೀರು ಸವರಿ ಕಾದ ಮರಳಿಗೆ ಸುರಿದರೆ ಕ್ಷಣದಲ್ಲಿ ಅರಳುತ್ತದೆ. ಆದರೆ ಮರಳಿನ ಕಾವು ಗಂಟೆಗಟ್ಟಲೆ ಇಳಿಯಕೂಡದು. ಬಾಷಾನಗರ, ಆಜಾದ್ ನಗರದ ಸುತ್ತಿನ ಭಟ್ಟಿಗಳಲ್ಲಿ ಈ ಕಾವಿಗಾಗಿ ಭತ್ತದ ಹೊಟ್ಟಿನ ಜೊತೆ ಹಳೆಯ ಟೈರುಗಳೂ ಉರಿದಿವೆ. ಇದಕ್ಕೆ ಭಟ್ಟಿಯವರ ದುಷ್ಟತನ ಕಾರಣವಲ್ಲ, ಲೆಕ್ಕಾಚಾರ ಕಾರಣ. ತೂಕಕ್ಕೆ ತೂಕ ಹಿಡಿದರೆ ಟೈರು ಹೊಟ್ಟಿನ ಎರಡು ಪಟ್ಟಿಗೂ ಮಿಕ್ಕಿ ಶಾಖ ಕೊಡುತ್ತದೆ. ಹೊಟ್ಟು ಬೇಕೆಂದು ಅಕ್ಕಿ ಗಿರಣಿಯ ಬಾಯ್ಲರೂ ಇಟ್ಟಿಗೆ ಗೂಡೂ ಪೈಪೋಟಿಗೆ ನಿಂತಿವೆ. ಟೈರಿನ ಗಂಧಕದ ಹೊಗೆ, ಜಿಡ್ಡು ಮಸಿ, ಸತುವಿನ ಬೂದಿ ಯಾವ ರಶೀದಿಯಲ್ಲೂ ಕಾಣಿಸುವುದಿಲ್ಲ. ಅದರ ಬೆಲೆ ತೆರುವುದು ಪಕ್ಕದ ಮನೆಯವರ ಶ್ವಾಸಕೋಶ.

2016ರಲ್ಲಿ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ನಮ್ಮೂರು, 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಕೆಟ್ಟ ನಗರಗಳ ಪಟ್ಟಿಗೂ ಸೇರಿತು. ವಾಹನ, ರಸ್ತೆ ಧೂಳಿನ ಮುಂದೆ ಭಟ್ಟಿ ಎಷ್ಟರದ್ದು ಎಂದು ಕೇಳುವವರಿದ್ದಾರೆ. ಇಡೀ ನಗರದ ಸರಾಸರಿಗೆ ಆ ವಾದ ಒಪ್ಪಬಹುದು. ಭಟ್ಟಿಯ ಓಣಿಯಲ್ಲೇ ಉಸಿರಾಡುವವರಿಗೆ ಸರಾಸರಿ ಕಟ್ಟಿಕೊಂಡು ಆಗಬೇಕಾದ್ದೇನು? ಹಾಗಾದರೆ ಮುಚ್ಚಿಸಿಬಿಡಿ ಎಂಬುದೂ ಸಲ್ಲ. ಹರಿಹರದ ಎದುರುದಡದ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯ ತುಂಗಭದ್ರೆ ಸೇರುವುದರ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಡಿದಾಗ, ಉತ್ತರ ಕೇಳಲು ಅಲ್ಲೊಂದು ಗೇಟಿತ್ತು. ಇಲ್ಲಿರುವುದು ನೂರಾರು ಬಿಡಿ ಭಟ್ಟಿಗಳು, ಒಂದೊಂದರ ಹಿಂದೆ ಒಂದು ಸಂಸಾರ. ಬರೀ ನಿಷೇಧ ಹೇರಿದರೆ ಹಗಲಿನ ಹೊಗೆ ರಾತ್ರಿಗೆ ಸರಿಯುತ್ತದೆ, ಅಷ್ಟೆ.

ಕಪ್ಪು ಹೊಗೆಯೆಂದರೆ ಪೂರ್ತಿ ಉರಿಯದ ಇಂಧನ, ಅಂದರೆ ಭಟ್ಟಿಯವರದೇ ನಷ್ಟ. ಅದನ್ನು ತಗ್ಗಿಸಲು ಅಡಿಯಿಂದ ಗಾಳಿಯಾಡುವ ಜಾಲರಿ, ಹದವಾದ ಬೆಂಕಿಗೂಡು, ಎತ್ತರದ ಚಿಮಣಿ: ಈ ವಿದ್ಯೆ ಹೊಸತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ಇದನ್ನೇ ಅಡುಗೆಮನೆಗೆ ಅಸ್ತ್ರ ಒಲೆಯಾಗಿ ತಂದಿತು. ಅಳತೆ ತಪ್ಪಿ ಕಟ್ಟಿದರೆ ಅದೇ ಒಲೆ ಹೊಗೆಯಾಡುತ್ತದೆ. ಆದ್ದರಿಂದ ನಕ್ಷೆ ಹಂಚಿದರೆ ಸಾಲದು, ಕಟ್ಟಬಲ್ಲ ಮೇಸ್ತ್ರಿಯೂ ಸಾಲವೂ ಬೇಕು. ಖರ್ಚು ಯಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ದಂಡದ ನೋಟಿಸಿಗೆ ಮೊದಲು ಪಾಲಿಕೆ ಹೊಟ್ಟಿನ ಪೂರೈಕೆ, ಹೊಸ ಭಟ್ಟಿಯ ಸಾಲ ಎರಡನ್ನೂ ಮಾತಿಗೆ ತರಲಿ. ಸೇರು ಮಂಡಕ್ಕಿಗೆ ಒಂದೆರಡು ರೂಪಾಯಿ ಏರಿದರೆ ಚೌಕಾಸಿ ಮಾಡದೆ ಕೊಡಲು ನಾವೂ ಸಿದ್ಧರಿರೋಣ.